ನನ್ನ ಅಪಸ್ವರಗಳನ್ನು ಹಿಂತಿರುಗಿಸುವ ಕುರಿತು

ಮೇಲಿನ ಮಹಡಿಯ ನಗೆ ವಾದ್ಯಮೇಳದ ಮಾನ್ಯ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಕೈಯಲ್ಲಿರುವ ಆ ಸಣ್ಣ ಬಿಳಿಯ ಕೋಲಿಗೂ, ಅದು ಮೇಲೆದ್ದ ಕೂಡಲೇ ಒಬ್ಬರೂ ಹಿಂದುಳಿಯದಂತೆ ಒಟ್ಟಾಗಿ ದಾರಿ ತಪ್ಪುವ ತಮ್ಮ ಘನ ವಿದ್ವಾಂಸರ ಬಳಗಕ್ಕೂ ಕೆಳಗಿನ ಅಂಗಡಿಯಿಂದ ಸಾವಿರ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ವಿಚಾರಿಸದೆಯೇ ಬಲ್ಲೆ. ತಮ್ಮ ನೆಲವೇ ನನ್ನ ಚಾವಣಿಯಾಗಿರುವುದರಿಂದ, ತಮ್ಮ ಡ್ರಮ್ಮಿನವರು ಲವಲವಿಕೆಯಿಂದಿದ್ದಾರೆಂಬ ಸಮಾಚಾರ ಪ್ರತಿ ಸಂಜೆ ಸುಣ್ಣದ ಪುಡಿಯಾಗಿ ನನ್ನ ನೆತ್ತಿಯ ಮೇಲೆ ಉದುರುತ್ತಲೇ ಇರುತ್ತದೆ. ನನ್ನ ಕ್ಷೇಮದ ಬಗ್ಗೆ ತಾವು ಕೇಳಿಲ್ಲ. ಕೇಳದಿದ್ದರೂ ಹೇಳುವುದು ಕೆಳಗಿನವನ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ.

ಇದನ್ನು ಲಕೋಟೆಯಲ್ಲಿಟ್ಟು ಮರ್ಯಾದೆಯಾಗಿ ತಮ್ಮ ಕೈಗೇ ತಲುಪಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ತಾವದನ್ನು ತಮ್ಮ ಹಿರಿಯ ಗಾಯಕರಿಗೆ ಕೊಡುತ್ತೀರಿ, ಅವರು ಅದನ್ನು ನನ್ನದೇ ದನಿಯಲ್ಲಿ ಓದುತ್ತಾರೆ, ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಮತ್ತೆ ನನ್ನ ನೆತ್ತಿಯ ಮೇಲೆ ಸುಣ್ಣ ಬೀಳುತ್ತದೆ. ಆದ್ದರಿಂದ ತಾವೂ, ತಮ್ಮವರೂ, ಪಕ್ಕದ ಟೈಪಿಂಗ್ ಶಾಲೆಗೆ ಹೋಗುವವರೂ ಹತ್ತಿಳಿಯುವ ಮೆಟ್ಟಿಲ ಗೋಡೆಗೆ ಅಂಟಿಸಿದ್ದೇನೆ. ಇಲ್ಲಿ ನಿಂತು ಓದುತ್ತಿರುವ ಅಪರಿಚಿತರು ದಯವಿಟ್ಟು ಇನ್ನೊಬ್ಬರಿಗೆ ದಾರಿ ಬಿಟ್ಟು ನಿಂತುಕೊಳ್ಳಬೇಕೆಂದು ಕೋರುತ್ತೇನೆ.

ಆ ಅಪರಿಚಿತರ ಸಲುವಾಗಿ ನನ್ನ ಪರಿಚಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಕೆಳಗಿನ ಕನ್ನಡಕದ ಅಂಗಡಿ ನನ್ನದು. ಕಣ್ಣು ಪರೀಕ್ಷಿಸುವುದು, ಗಾಜು ತೇಯುವುದು, ಫ್ರೇಮಿಗೆ ಕೂರಿಸುವುದು, ಮಕ್ಕಳು ಕಚ್ಚಿ ಸೊಟ್ಟ ಮಾಡಿದ ಕಡ್ಡಿಗಳನ್ನು ನೆಟ್ಟಗೆ ಮಾಡುವುದು ನನ್ನ ಕೆಲಸ. ಗಾಜು ತೇಯುವ ಚಕ್ರಕ್ಕೆ ನೀರು ತೊಟ್ಟಿಕ್ಕುತ್ತಿರುವಾಗ ಅದು ಒಂದೇ ಸಮನೆ ಗುಂಯ್ ಎನ್ನುತ್ತದೆ. ಆ ಗುಂಯ್ ಎನ್ನುವುದನ್ನೇ ಶ್ರುತಿಯಾಗಿ ಹಿಡಿದು ಹಾಡಿಕೊಳ್ಳುವುದು ನನ್ನ ಬಹುಕಾಲದ ಅಭ್ಯಾಸ. ಹಾಡುವುದೆಂದರೆ, ನಾನು ಅದನ್ನು ಹಾಡೆಂದೇ ತಿಳಿದಿದ್ದೆ. ಊರಿನ ಒಮ್ಮತದ ಅಭಿಪ್ರಾಯ ಬೇರೆಯೇ ಇತ್ತೆಂದೂ, ಶಾಲೆಯ ಪ್ರಾರ್ಥನೆಯಲ್ಲಿ ಮೇಷ್ಟ್ರು ನನಗೆ ಗಂಟೆ ಬಾರಿಸುವ ಜವಾಬ್ದಾರಿ ವಹಿಸಿದ್ದು ನನ್ನ ಮೇಲಿನ ವಿಶೇಷ ನಂಬಿಕೆಯಿಂದಲ್ಲವೆಂದೂ, ಬಡಾವಣೆಯ ಗಾಯನ ಸಂಘದವರು ಸದಸ್ಯತ್ವ ಕೇಳಲು ಹೋದವನನ್ನು ಬಹಳ ಪ್ರೀತಿಯಿಂದ ಕುರ್ಚಿ ಜೋಡಿಸುವ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದ್ದಕ್ಕೆ ಬೇರೆ ಕಾರಣವಿತ್ತೆಂದೂ ನನಗೆ ಗೊತ್ತಾದದ್ದು ತಮ್ಮ ಸಹವಾಸವಾದ ಮೇಲೆ.

ಒಬ್ಬಳು ಮಾತ್ರ ನನ್ನ ಹಾಡನ್ನು ಮನಸಾರೆ ಬಯಸಿದವಳು, ನನ್ನ ಹೆಂಡತಿ. ಅವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಬಾಯಿ ತೆರೆದು ಹೆದರಿ ಕುಳಿತವರ ಕೈ ಹಿಡಿದುಕೊಂಡು, ಏನೂ ಆಗಲ್ಲ ಏನೂ ಆಗಲ್ಲ ಎಂದು ದಿನವಿಡೀ ಧೈರ್ಯ ಹೇಳುವುದು ಅವಳ ಪಾಡು. ಮದುವೆಗೆ ಮುಂಚೆ ಒಮ್ಮೆ ಕಣ್ಣು ಪರೀಕ್ಷೆಗೆಂದು ನನ್ನ ಅಂಗಡಿಗೆ ಬಂದಿದ್ದಳು. ಗೋಡೆಯ ಹಲಗೆಯ ಮೇಲಿನ ಅಕ್ಷರ ಓದಮ್ಮಾ ಎಂದು ಅವಳನ್ನು ಕೂರಿಸಿ, ನಾನು ಒಳಗೆ ಚಕ್ರದ ಮುಂದೆ ನಿಂತು ಹಾಡುತ್ತ ಬೇರೆಯವರ ಗಾಜು ತೇಯುತ್ತಿದ್ದೆ. ಎಷ್ಟು ಹೊತ್ತಾದರೂ ಅಕ್ಷರ ಕೇಳಿಸಲಿಲ್ಲವೆಂದು ಬಂದು ನೋಡಿದರೆ, ಅವಳು ಕುರ್ಚಿಯಲ್ಲಿ ಮುದುಡಿಕೊಂಡು, ಪರೀಕ್ಷೆಯ ಗಾಜುಗಳೆಲ್ಲ ಮೂಗಿನಿಂದ ಜಾರಿ, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು. ನನ್ನ ಹಾಡಿಗೆ ಒಬ್ಬರು ಇಷ್ಟು ಸಂತೋಷಪಟ್ಟದ್ದನ್ನು ನಾನು ಅದೇ ಮೊದಲ ಸಲ ಕಂಡದ್ದು. ಅವಳ ಕಣ್ಣಿನ ನಂಬರು ನೋಡುವ ಮುಂಚೆಯೇ ಮನಸ್ಸು ಕೊಟ್ಟುಬಿಟ್ಟೆ.

ಆಮೇಲೆ ಮನೆಯಲ್ಲೂ ಹಾಗೆಯೇ ನಡೆದುಕೊಂಡು ಬಂತು. ಅವಳು ಸಂಜೆ ದಣಿದು ಬಂದು ಅಡುಗೆಮನೆಯಲ್ಲಿ ನಿಂತರೆ ನಾನು ಬಾಗಿಲಿಗೆ ಒರಗಿ ಹಾಡುತ್ತಿದ್ದೆ. ಅವಳ ನಗೆಯಲ್ಲಿ ಮೊದಲು ಸದ್ದೇ ಇರುವುದಿಲ್ಲ, ಬರೀ ಭುಜ ಕುಣಿಯುತ್ತದೆ. ಆಮೇಲೆ ಒಂದು ಕೈ ಗೋಡೆ ಹುಡುಕುತ್ತದೆ. ಕೊನೆಗೆ ಗೋಡೆ ಹಿಡಿದುಕೊಂಡೇ ನೆಲಕ್ಕೆ ಜಾರಿ, ಸೌಟು ಮಡಿಲಲ್ಲಿಟ್ಟುಕೊಂಡು, ಸಾಕು ನಿಲ್ಸಿ ಎನ್ನಲೂ ಉಸಿರಿಲ್ಲದೆ ಕುಳಿತುಬಿಡುತ್ತಾಳೆ. ಎಷ್ಟೋ ಸಂಜೆ ನಮ್ಮ ಊಟ ತಡವಾದದ್ದು ಇದೇ ಕಾರಣಕ್ಕೆ. ಮಾನ್ಯರೇ, ಈ ಪತ್ರದಲ್ಲಿ ನಾನು ಕಳೆದುಕೊಂಡೆನೆಂದು ದೂರುತ್ತಿರುವುದು ಇದನ್ನೇ. ಮಿಕ್ಕದ್ದೆಲ್ಲ ಬರೀ ವಿವರ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ತಮ್ಮ ಬಳಗದಲ್ಲಿರುವ ಪ್ರತಿಯೊಬ್ಬರೂ ಬಾಲ್ಯದಿಂದ ಬೆರಳು ಸವೆಸಿ ಕಲಿತವರು, ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಕಪ್ಪು ಕೋಟು ತೊಟ್ಟು ಜನರ ಕೆಮ್ಮನ್ನು ಕೂಡ ನಿಲ್ಲಿಸುವಂತೆ ನುಡಿಸುವವರು ಎಂಬುದು ಎಲ್ಲರಿಗೂ ಗೊತ್ತು. ಅಂಥವರೆಲ್ಲ ಸೇರಿ, ವಾರಕ್ಕೊಂದು ಸಂಜೆಯಾದರೂ ಜನ ಮನಬಿಚ್ಚಿ ನಗಲೆಂದು, ಬೇಕೆಂದೇ ಕೆಟ್ಟದಾಗಿ ನುಡಿಸುವ ಮೇಳವೊಂದನ್ನು ಕಟ್ಟಿದ್ದು ಮೆಚ್ಚತಕ್ಕದ್ದೇ. ಆದರೆ ಮೊದಲ ಪ್ರದರ್ಶನದಲ್ಲಿ ಆದದ್ದೇನು? ತಾವೇ ನನಗೆ ಹೇಳಿದಂತೆ, ಪಿಟೀಲಿನವರು ಕಮಾನನ್ನು ಎಡಗೈಯಲ್ಲಿ ಹಿಡಿದರು, ಕ್ಲಾರಿನೆಟ್ಟಿನವರು ಚಳಿಗಾಲದ ಕೈಗವಸು ತೊಟ್ಟರು, ಟ್ರಂಪೆಟ್ಟಿನ ಬಾಯಿಗೆ ಕಾಲುಚೀಲ ತುರುಕಲಾಯಿತು. ಕಷ್ಟಪಟ್ಟು ಕಲಿತ ಆ ಕೈಗಳು ತಪ್ಪುವುದರಲ್ಲೂ ಶಿಸ್ತು ಬಿಡಲಿಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ತಪ್ಪಿದರು, ಒಂದೇ ಅಳತೆಯಲ್ಲಿ ತಪ್ಪಿದರು, ಒಂದೇ ಉಸಿರಿಗೆ ನಿಲ್ಲಿಸಿದರು. ಸಭಿಕರು ಗಂಭೀರವಾಗಿ ತಲೆದೂಗಿದರು, ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಮರುದಿನ ಪತ್ರಿಕೆಯಲ್ಲಿ ‘ಹೊಸ ಹಾದಿಯ ದಿಟ್ಟ ಸಂಗೀತ’ ಎಂಬ ಹೊಗಳಿಕೆ ಓದಿ ತಾವು ತಲೆಯ ಮೇಲೆ ಕೈಹೊತ್ತು ಧೊಪ್ಪನೆ ಕುಳಿತಿರಿ. ಕುಳಿತದ್ದು ತಮ್ಮ ಕನ್ನಡಕದ ಮೇಲಾದ್ದರಿಂದ ನನ್ನ ಅಂಗಡಿಗೆ ಇಳಿದು ಬರಬೇಕಾಯಿತು.

ಅಂದು ನಾನು ಎಂದಿನ ದೋಣಿಯ ಹಾಡು ಹಾಡುತ್ತಿದ್ದೆ. ಅದು ತುಂಬ ಹಳೆಯ ಹಾಡು. ದೋಣಿ ಈ ದಡ ಬಿಟ್ಟು, ಸುಳಿ ದಾಟಿ, ಆ ದಡ ಮುಟ್ಟುವ ಹೊತ್ತಿಗೆ ಸ್ವರ ಮೇಲಕ್ಕೇರಿ ನಿಲ್ಲಬೇಕು. ನಾನು ಅಲ್ಲಿಗೆ ಏರುತ್ತಿದ್ದದ್ದು, ಅಟ್ಟದ ಡಬ್ಬಿ ಕೈಗೆ ಸಿಗದಿದ್ದರೂ ಸಿಕ್ಕಿತೆಂದೇ ನಂಬಿ ಮುಚ್ಚಳ ತೆಗೆಯುವವನ ಹಾಗೆ ಎಂದು ತಾವೇ ಮುಂದೊಂದು ದಿನ ವರ್ಣಿಸಿದಿರಿ. ಆ ಹೊತ್ತು ಮಾತ್ರ ತಾವು ಮುರಿದ ಕನ್ನಡಕ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದಿರಿ. ಸಂಗೀತದಲ್ಲಿ ಕರಗಿಹೋಗಿದ್ದಾರೆಂದು ನಾನು ಎದೆಯುಬ್ಬಿಸಿಕೊಂಡೆ. ತಾವು ಕಣ್ಣು ತೆರೆದು, “ಇನ್ನೊಂದ್ಸಲ ಹಾಡ್ತೀರಾ? ಆ ಮೇಲೆ ಹೋಗೋ ಜಾಗ ಇದೆಯಲ್ಲ, ಅಲ್ಲಿಂದ” ಎಂದಿರಿ. ಹಾಡಿದೆ. ತಾವು ಬಾಗಿಲಾಚೆ ಹೋಗಿ ಮೆಟ್ಟಿಲ ಕಡೆ ಮುಖ ಮಾಡಿ, “ಎಲ್ಲಾರೂ ಕೆಳಗೆ ಬನ್ರಪ್ಪಾ, ಸಿಕ್ಕಿದ್ರು” ಎಂದು ಕೂಗಿದಿರಿ. ಯಾರು ಸಿಕ್ಕಿದರು, ಏಕೆ ಸಿಕ್ಕಿದರು ಎಂದು ತಿಳಿಯದೆ ನಾನು ಬಂದವರಿಗೆಲ್ಲ ಕುರ್ಚಿ ಹಾಕಿದೆ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಹಿಗ್ಗಾಗುತ್ತದೆಂದು ನಾಚಿಕೆಯಿಲ್ಲದೆ ಒಪ್ಪುತ್ತೇನೆ. ಅಂಗಡಿ ಮುಚ್ಚಿದ ಮೇಲೆ ತಾವು ನನ್ನನ್ನು ಮೇಲಕ್ಕೆ ಕರೆಸಿಕೊಂಡು, ಮೇಳದ ನಟ್ಟನಡುವೆ ಎತ್ತರದ ಸ್ಟೂಲಿನ ಮೇಲೆ ಕೂರಿಸಿದಿರಿ. ಬೇರೆ ಮೇಳಗಳು ಒಂದು ಸ್ವರ ನುಡಿಸಿ ಅದಕ್ಕೆ ವಾದ್ಯಗಳನ್ನು ಹೊಂದಿಸಿಕೊಳ್ಳುತ್ತವೆ. ತಮ್ಮವರು ನನ್ನಿಂದ ‘ಆ’ ಎನ್ನಿಸಿ, ಅದಕ್ಕೆ ಹೊಂದಿಸಿಕೊಂಡರು. ನನ್ನ ‘ಆ’ ಪ್ರತಿಸಲ ಬೇರೆಯಾಗಿರುತ್ತಿದ್ದರಿಂದ ಇದಕ್ಕೇ ಅರ್ಧ ಸಂಜೆ ಹೋಗುತ್ತಿತ್ತು. ಸ್ವರ ಜಾರುವುದನ್ನು ಪಿಟೀಲಿನವರು ಕಲಿತರು, ತಡವಾಗಿ ಬಂದು ಅವಸರದಲ್ಲಿ ಓಡುವುದನ್ನು ಕ್ಲಾರಿನೆಟ್ಟಿನವರು ಕಲಿತರು, ಹಾಡಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ತಾಳ ಹಾಕುವ ನನ್ನ ಬಲಗಾಲನ್ನು ಡ್ರಮ್ಮಿನವರು ಮೊಣಕಾಲೂರಿ ಕುಳಿತು ಅಭ್ಯಾಸ ಮಾಡಿದರು. “ನೀವು ತಪ್ತಾ ಇದ್ದೀರಿ ಅಂತ ನಿಮಗೆ ಗೊತ್ತಿದೆ, ಅದಕ್ಕೇ ಯಾರೂ ನಗಲ್ಲ. ಇವರನ್ನ ನೋಡಿ, ಮುಖದಲ್ಲಿ ಒಂಚೂರು ಅನುಮಾನ ಇದೆಯಾ?” ಎಂದು ತಾವು ನನ್ನ ಗಲ್ಲ ಹಿಡಿದು ಎಲ್ಲರಿಗೂ ತೋರಿಸಿದಿರಿ. ಎಲ್ಲರೂ ನನ್ನನ್ನು ಗುರುಗಳೇ ಎಂದು ಕರೆದರು. ನಾನು ತಪ್ಪುತ್ತಿದ್ದೇನೆಂಬುದು ನನಗೆ ಗೊತ್ತಾದದ್ದು ಆ ಮಾತಿನಿಂದಲೇ. ಆದರೆ ಗುರುಗಳೇ ಎನ್ನಿಸಿಕೊಂಡ ಖುಷಿಯಲ್ಲಿ ಬೇಸರಪಟ್ಟುಕೊಳ್ಳಲು ಪುರಸೊತ್ತಾಗಲಿಲ್ಲ.

ಎರಡನೆಯ ಪ್ರದರ್ಶನ ಹೇಗಾಯಿತೆಂದು ಊರೇ ಬಲ್ಲದು. ನಾನು ನಡುವೆ ನಿಂತು ದೋಣಿಯ ಹಾಡು ಹಾಡಿದೆ, ಸುತ್ತ ತಮ್ಮವರು ಶ್ರದ್ಧೆಯಿಂದ ನನ್ನ ಜೊತೆಗೇ ಮುಳುಗಿದರು. ಜನ ಕುರ್ಚಿಯ ಹಿಡಿ ಹಿಡಿದುಕೊಂಡು ನಕ್ಕರು. ಸಭಾಂಗಣದ ಬಾಗಿಲು ಕಾಯುವವನು ಕೆಲಸ ಬಿಟ್ಟು ಒಳಗೆ ಬಂದು ನಕ್ಕ. ಮೂರನೆಯ ಸಾಲಿನಲ್ಲಿ ನನ್ನ ಹೆಂಡತಿ ಜಾರಲು ಗೋಡೆಯಿಲ್ಲದೆ ಪಕ್ಕದ ಅಪರಿಚಿತ ಹೆಂಗಸಿನ ಹೆಗಲಿಗೇ ಒರಗಿಬಿಟ್ಟಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ, “ಇಷ್ಟು ಜನಕ್ಕೆ ನಿಮ್ಮನ್ನ ಹಂಚಿಬಿಟ್ಟೆನಲ್ಲಾ” ಎಂದು ಹೇಳಿ ಮತ್ತೆ ಮತ್ತೆ ನಗುತ್ತಿದ್ದಳು. ಆ ವಾರ ನನಗೆ ನೆಲಕ್ಕೆ ಕಾಲು ತಾಗಲಿಲ್ಲ.

ಇಷ್ಟರವರೆಗೆ ತಮ್ಮ ಮೇಲೆ ನನಗೆ ಯಾವ ದೂರೂ ಇಲ್ಲ. ದೂರಿರುವುದು ತಮ್ಮ ಬಳಗದ ಒಂದು ಗುಟ್ಟಿನ ಪದ್ಧತಿಯ ಬಗ್ಗೆ. ಅದನ್ನು ತಾವು ಕಿವಿ ತೊಳೆಯುವುದು ಎನ್ನುತ್ತೀರಿ. ಸಂಜೆಯಿಡೀ ಕೆಟ್ಟದಾಗಿ ನುಡಿಸಿ, ತಮ್ಮ ಕಿವಿ ತಮಗೇ ಹೇಸಿಕೆಯಾದಾಗ, ಹೊರಗೆ ಯಾರಿಗೂ ಕೇಳದಂತೆ ಕಿಟಕಿ ಬಾಗಿಲು ಮುಚ್ಚಿ, ಅದೇ ಹಾಡನ್ನು ಒಮ್ಮೆ, ಒಂದೇ ಒಂದು ಸಲ, ಅದು ಹೇಗಿರಬೇಕೋ ಹಾಗೆ ನುಡಿಸಿ, ಯಾರೂ ಯಾರ ಮುಖವನ್ನೂ ನೋಡದೆ ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ ಮನೆಗೆ ಹೋಗುವುದು. ಅದಿಲ್ಲದೆ ಹೋದರೆ ಮರುದಿನ ಗಂಭೀರ ಕಚೇರಿಯಲ್ಲಿ ಕೈ ಸೊಟ್ಟಗಾಗುತ್ತದೆಂಬ ತಮ್ಮ ಭಯ ನ್ಯಾಯವಾದದ್ದೇ. ಆದರೆ ಮಾನ್ಯರೇ, ಕಿಟಕಿ ಮುಚ್ಚಲು ನೆನಪಾದ ತಮಗೆ, ಬಾಗಿಲ ಚಿಲಕ ಹಾಕಲು ನೆನಪಾದ ತಮಗೆ, ಸ್ಟೂಲಿನ ಮೇಲೆ ಒಬ್ಬ ಅಮಾಯಕ ಕುಳಿತಿದ್ದಾನೆ, ಅವನನ್ನು ಆಚೆ ಕಳಿಸಬೇಕು ಎಂಬುದು ಒಂದು ಸಂಜೆಯೂ ಹೊಳೆಯಲಿಲ್ಲವೆ?

ಮೊದಮೊದಲು ನನಗೆ ಏನೂ ಅನ್ನಿಸಲಿಲ್ಲ. ಚೆನ್ನಾಗಿ ನುಡಿಸುತ್ತಾರೆ ಪಾಪ, ನನ್ನಷ್ಟು ನಗು ಬರಿಸುವುದಿಲ್ಲ ಎಂದುಕೊಂಡು ಕಾಲಾಡಿಸುತ್ತ ಕುಳಿತಿರುತ್ತಿದ್ದೆ. ಒಂದು ಸಂಜೆ, ದೋಣಿ ಆ ದಡ ಮುಟ್ಟುವ ಜಾಗದಲ್ಲಿ ತಮ್ಮ ಹಿರಿಯ ಗಾಯಕರು ಸ್ವರ ಹಿಡಿದು ನಿಂತರು. ನನ್ನ ಎದೆಯೊಳಗೆ ಏನೋ ಒಂದು, ಬಹಳ ಕಾಲದಿಂದ ಸಡಿಲವಾಗಿದ್ದ ಸ್ಕ್ರೂ ಒಂದು ತಿರುಗಿ ಕೂತ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ತಲೆಗೆ ಹತ್ತಿದ್ದ ಸುಣ್ಣದ ಪುಡಿ ಕಣ್ಣಿಗೆ ಬಿತ್ತೆಂದು ನೆಪ ಹೇಳಿ ಒರೆಸಿಕೊಂಡೆ. ನನಗೆ ರೋಗ ತಗುಲಿದ್ದು ಅಂದೇ ಎಂದು ಈಗ ಗೊತ್ತಾಗುತ್ತದೆ.

ಕೆಲವೇ ದಿನಗಳಲ್ಲಿ ಅದು ಬಯಲಾಯಿತು. ತಾವು ಎಂದಿನಂತೆ ಕೋಲೆತ್ತಿದಿರಿ, ನಾನು ಎಂದಿನಂತೆ ಹಾಡಿದೆ. ಆ ದಡದ ಹತ್ತಿರ ಬಂದಾಗ, ಇಷ್ಟು ವರ್ಷ ಒಮ್ಮೆಯೂ ಮುಟ್ಟದ ದಡವನ್ನು ನನ್ನ ದೋಣಿ ನೇರವಾಗಿ ಹೋಗಿ ಮುಟ್ಟಿತು. ಪಿಟೀಲಿನವರು ನೆಲ ನೋಡಿದರು, ಯಾರೋ ನೀರು ತಂದುಕೊಟ್ಟರು. “ಏನು ಗುರುಗಳೇ, ಮೈಗೆ ಹುಷಾರಿಲ್ವಾ?” ಎಂದು ತಾವು ಮೆಲ್ಲಗೆ ಕೇಳಿದಿರಿ. ಮತ್ತೆ ಹಾಡಿದೆ, ಮತ್ತೆ ಸರಿಯಾಯಿತು. ಸತ್ತವರ ಮನೆಯಲ್ಲಿ ಕೂತ ಹಾಗೆ ಎಲ್ಲರೂ ಕೂತರು.

ತಾವು ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ನನ್ನ ಕಿವಿಗೆ ಹತ್ತಿ ಇಟ್ಟಿರಿ, ಮೆಟ್ಟಿಲು ಹತ್ತಿಳಿಸಿ ಏದುಸಿರು ಬರಿಸಿ ಹಾಡಿಸಿದಿರಿ, ನೆಲದ ಮೇಲೆ ಅಂಗಾತ ಮಲಗಿಸಿದಿರಿ, ಮೂಗು ಹಿಡಿದಿರಿ, ಡ್ರಮ್ಮಿನವರು ಹಿಂದಿನಿಂದ ಬಂದು ಬೆಚ್ಚಿಬೀಳಿಸಿದರು, ಬೆಚ್ಚಿಬಿದ್ದದ್ದು ಕೂಡ ಶ್ರುತಿಯಲ್ಲೇ ಬಿತ್ತು. ಕೊನೆಗೆ, ಪ್ರದರ್ಶನ ಹತ್ತಿರ ಬಂದಿದ್ದರಿಂದ ಬೇರೆ ದಾರಿಯಿಲ್ಲದೆ, ನನ್ನ ಪಕ್ಕದಲ್ಲೇ ನಿಂತು ಇಷ್ಟು ದಿನ ನನ್ನನ್ನು ಗಮನಿಸಿದ್ದ ಹಿರಿಯ ಗಾಯಕರಿಗೆ ನನ್ನ ಜಾಗ ಕೊಟ್ಟಿರಿ. ನನಗೊಂದು ಹೂಗುಚ್ಛ ಕೊಟ್ಟು, ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿ, ಸ್ಟೂಲಿನಿಂದ ನಿಧಾನಕ್ಕೆ ಇಳಿಸಿದಿರಿ. ಅಷ್ಟು ಸೌಜನ್ಯದಿಂದ ಯಾರನ್ನೂ ಯಾರೂ ಕೆಲಸದಿಂದ ತೆಗೆದದ್ದನ್ನು ನಾನು ಕೇಳಿಲ್ಲ.

ಆ ಸಂಜೆ ಮನೆಗೆ ಹೋದೆ. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಆ ದಿನ ಅವಳ ಡಾಕ್ಟರ ಬಳಿ ಒಬ್ಬ ದೊಡ್ಡ ಮನುಷ್ಯ ಸೂಜಿ ಕಂಡು ಓಡಿಹೋಗಿ, ಅವನ ಹಿಂದೆ ಬೀದಿಯ ತುದಿಯವರೆಗೆ ಇವಳೂ ಓಡಿ, ಕಾಲು ನೋಯಿಸಿಕೊಂಡು ಬಂದಿದ್ದಳು. ನನ್ನನ್ನು ಕಂಡವಳೇ, “ಹಾಡಿ ಮಾರಾಯರೇ ಒಂದು, ಸಾಕಾಗಿದೆ” ಎಂದಳು. ಬಾಗಿಲಿಗೆ ಒರಗಿ ಹಾಡಿದೆ. ಅವಳ ಭುಜ ಕುಣಿಯಲಿಲ್ಲ. ಚಾಕು ಕೆಳಗಿಟ್ಟು, ತಿರುಗಿ, ನಾನು ಮುಗಿಸುವವರೆಗೂ ಮುಖವನ್ನೇ ನೋಡುತ್ತ ನಿಂತು, ಕೊನೆಗೆ, “ಚೆನ್ನಾಗಿದೆ” ಎಂದಳು. ಮದುವೆಯಾದಂದಿನಿಂದ ನನ್ನ ಹಾಡಿನ ಬಗ್ಗೆ ಅವಳ ಬಾಯಲ್ಲಿ ಆ ಮಾತು ಬಂದದ್ದೇ ಇಲ್ಲ. ಮತ್ತೆ ತಿರುಗಿ ಹೆಚ್ಚಲು ಶುರುಮಾಡಿದಳು, ಅಂದು ಊಟ ಸರಿಯಾದ ಹೊತ್ತಿಗೆ ಆಯಿತು.

ಬೇಕೆಂದೇ ತಪ್ಪಾಗಿ ಹಾಡಲು ಪ್ರಯತ್ನಿಸಲಿಲ್ಲವೆ ಎಂದು ತಾವು ಕೇಳಬಹುದು. ಕೇಳಬೇಡಿ. ತಮ್ಮ ಮೇಳದ ಮೊದಲ ಪ್ರದರ್ಶನಕ್ಕೆ ಏನಾಯಿತೋ ನನ್ನ ಅಡುಗೆಮನೆಯಲ್ಲೂ ಅದೇ ಆಯಿತು. ಇಲ್ಲಿ ಜಾರಬೇಕು ಎಂದು ಲೆಕ್ಕಹಾಕಿ ಜಾರಿದೆ, ಅಲ್ಲಿ ತಡವರಿಸಬೇಕು ಎಂದು ಕಾದು ತಡವರಿಸಿದೆ. ನನ್ನ ಹೆಂಡತಿ ಸ್ವಲ್ಪ ಹೊತ್ತು ಕೇಳಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ನನ್ನ ತೋಳು ಮುಟ್ಟಿ, “ಬೇಡ ಬಿಡಿ. ನನಗೋಸ್ಕರ ಕಷ್ಟಪಡಬೇಡಿ” ಎಂದಳು. ಸೂಜಿ ಕಂಡು ಹೆದರಿದವರಿಗೆ ಹೇಳುವ ದನಿ ಅದು. ಅದನ್ನು ನನ್ನ ಮೇಲೆ ಅವಳು ಬಳಸಿದ್ದು ಅದೇ ಮೊದಲು. ಅಂದು ನನಗಾದ ದುಃಖವನ್ನು ಮೆಟ್ಟಿಲ ಗೋಡೆಯ ಮೇಲೆ ವಿವರಿಸುವುದು ಸರಿಯಲ್ಲ.

ಉಳಿದ ಅನಾಹುತಗಳನ್ನು ಚುಟುಕಾಗಿ ಹೇಳುತ್ತೇನೆ. ನಾನು ಮನೆಗೆ ಬಂದರೆ ರೇಡಿಯೊ ಜೋರು ಮಾಡುತ್ತಿದ್ದ ನನ್ನ ಅತ್ತೆ ಈಗ ರೇಡಿಯೊ ಆರಿಸಿ, “ಅಳಿಯಂದಿರು ಎಷ್ಟು ಸುಧಾರಿಸಿದ್ದಾರೆ, ನೋಡಮ್ಮಾ” ಎಂದು ಮಗಳ ಮುಂದೆ ಹೊಗಳುತ್ತಾರೆ. ಅವರಿಂದ ಹೊಗಳಿಸಿಕೊಳ್ಳುವ ಗತಿ ಬಂತಲ್ಲಾ ಎಂದು ನಾನು ಅನ್ನ ಕಲಸುತ್ತ ತಲೆ ತಗ್ಗಿಸುತ್ತೇನೆ. ಗಾಯನ ಸಂಘದವರು ಕುರ್ಚಿ ಸಮಿತಿಯಿಂದ ನನಗೆ ಬಡ್ತಿ ಕೊಟ್ಟು ಹಿಂದಿನ ಸಾಲಿನ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ಈಗ ಕುರ್ಚಿಗಳು ಯಾರೂ ನೋಡುವವರಿಲ್ಲದೆ ಅಡ್ಡಾದಿಡ್ಡಿಯಾಗಿವೆ. ನನ್ನ ಪ್ರಾಣಮಿತ್ರನಂತಿದ್ದ ತೇಯುವ ಚಕ್ರ ಕೂದಲೆಳೆಯಷ್ಟು ಕೆಳಶ್ರುತಿಯಲ್ಲಿದೆಯೆಂದು ಕಿವಿಗೆ ತಿಳಿದುಹೋಗಿದೆ, ಅದರ ಜೊತೆಗೆ ದಿನವಿಡೀ ಇರಬೇಕಾದವನ ಪಾಡು ತಮಗೆ ಗೊತ್ತಾಗಲಿ. ಗಿರಾಕಿಗಳಂತೂ ಹಾಡು ಕೇಳುತ್ತ ಅಕ್ಷರ ಓದುವುದನ್ನೇ ಮರೆಯುತ್ತಾರೆ, ಆದರೆ ಒಬ್ಬರ ಮೂಗಿನಿಂದಲೂ ಗಾಜು ಜಾರುವುದಿಲ್ಲ.

ಇಷ್ಟನ್ನೂ ನಾನು ನುಂಗಿಕೊಂಡಿರುತ್ತಿದ್ದೆ, ತಮ್ಮ ಹೊಸ ಪ್ರದರ್ಶನಕ್ಕೆ ನನ್ನ ಹೆಂಡತಿ ಹಟಹಿಡಿದು ನನ್ನನ್ನು ಕರೆದೊಯ್ಯದಿದ್ದರೆ. ತಮ್ಮ ಹಿರಿಯ ಗಾಯಕರು ಬಂದು ನನ್ನ ಜಾಗದಲ್ಲಿ ನಿಂತರು. ಅವರ ಕಲೆಗೆ ನನ್ನ ಸಾಷ್ಟಾಂಗ ನಮಸ್ಕಾರ. ಹಾಡುವ ಮುಂಚೆ ನಾನು ಗಂಟಲು ಸರಿಮಾಡಿಕೊಳ್ಳುವ ಹಾಗೆಯೇ ಸರಿಮಾಡಿಕೊಂಡರು. ನನ್ನ ಬಲಗಾಲನ್ನು ಕುಟ್ಟಿದರು. ಇಲ್ಲದ ಚಕ್ರದ ಕಡೆಗೆ ಬಗ್ಗಿ ನೋಡಿದರು. ಆ ದಡ ಕೈಗೆ ಸಿಗದೆಯೂ ಸಿಕ್ಕಿತೆಂಬ ನನ್ನ ಆ ಪರಮ ನಂಬಿಕೆಯನ್ನು ಮುಖದ ತುಂಬ ತಂದುಕೊಂಡರು. ಅದು ನಾನೇ. ನನಗಿಂತ ಚೆನ್ನಾಗಿ ನಾನೇ. ಪಕ್ಕದಲ್ಲಿ ಭುಜವೊಂದು ಕುಣಿಯತೊಡಗಿತು. ನನ್ನ ಹೆಂಡತಿ ಗೋಡೆ ಹುಡುಕುತ್ತ ನನ್ನ ತೋಳನ್ನು ಹಿಡಿದು, ಜಾರಿ, ಕಣ್ಣೊರೆಸಿಕೊಳ್ಳುತ್ತ, “ರೀ, ನೀವೇ ಕಣ್ರೀ, ಅಲ್ಲಿ ನೋಡಿ, ನೀವೇ” ಎಂದು ವೇದಿಕೆಯ ಕಡೆ ಬೆರಳು ತೋರಿಸಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ.

ಅಂದಿನಿಂದ ಪ್ರತಿ ವಾರ ಬರುತ್ತೇವೆ. ಡಾಕ್ಟರ ಬಳಿಯ ಕೆಲಸ ಎಷ್ಟೇ ಇರಲಿ, ಆ ಸಂಜೆ ಅವಳು ಬೇಗ ಬರುತ್ತಾಳೆ, ಒಳ್ಳೆಯ ಸೀರೆ ಉಡುತ್ತಾಳೆ. ಪರಪುರುಷನ ಮೇಲೆ ಹೊಟ್ಟೆಕಿಚ್ಚುಪಟ್ಟ ಗಂಡಂದಿರನ್ನು ನಾನು ಕಂಡಿದ್ದೇನೆ, ಅವರಿಗೆ ಸಮಾಧಾನ ಹೇಳುವವರೂ ಇರುತ್ತಾರೆ. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚುಪಡುವವನು ಯಾರ ಹತ್ತಿರ ಹೋಗಬೇಕು? ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ತಲೆಯಿಟ್ಟು, “ಎಷ್ಟು ದಿನ ಆಯ್ತು ನೋಡಿ ನೀವು ಹೀಗೆ ಹಾಡಿ” ಎನ್ನುತ್ತಾಳೆ. ಅವಳಿಗೆ ನನ್ನ ಮೇಲೆ ಪ್ರೀತಿ ಕಡಿಮೆಯಾಗಿಲ್ಲ, ಅದು ನನಗೆ ಗೊತ್ತು. ಆದರೂ ಅವಳನ್ನು ನಗಿಸುವವನು ನಾನಾಗಿರಬೇಕು ಎಂಬ ಆಸೆ ಈ ವಯಸ್ಸಿನಲ್ಲೂ ಬಿಡದು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬಿನ್ನಹ. ತಮ್ಮ ವಶದಲ್ಲಿರುವ ನನ್ನ ಅಪಸ್ವರಗಳನ್ನೆಲ್ಲ, ಕೊಟ್ಟಾಗ ಹೇಗಿದ್ದವೋ ಹಾಗೆಯೇ, ಉಜ್ಜಿ ಹೊಳಪು ಕೊಡದೆ, ಹಿಂತಿರುಗಿಸಬೇಕು. ಅದರಲ್ಲಿ ಎತ್ತರದ ಸ್ವರಕ್ಕೆ ಏರುವಾಗ ನಡುವೆ ಬರುವ ಒಂದು ಉದ್ದನೆಯ ನರಳಿಕೆಯಿದೆ. ಅದು ನನ್ನ ಅಪ್ಪನಿಂದ ಬಂದದ್ದು, ದಯವಿಟ್ಟು ಜೋಪಾನ. ಬದಲಿಗೆ ತಾವು ನನಗೆ ಕೊಟ್ಟಿರುವ ಸರಿಯಾದ ಸ್ವರಗಳನ್ನು ತೊಳೆದು ಒಣಗಿಸಿ ಒಂದು ಡಬ್ಬಿಯಲ್ಲಿ ತಂದುಕೊಡಲು ಸಿದ್ಧನಿದ್ದೇನೆ. ಹೆಚ್ಚು ಬಳಸಿಲ್ಲ, ಗಂಭೀರ ಕಚೇರಿಯ ಯಾರಿಗಾದರೂ ಆದಾವು. ಇನ್ನು ಮುಂದೆ ಕಿವಿ ತೊಳೆಯುವ ಹೊತ್ತಿಗೆ, ‘ಒಳಗೆ ಸರಿಯಾದ ಸಂಗೀತ ನಡೆಯುತ್ತಿದೆ, ಸಂಸಾರಸ್ಥರು ದೂರವಿರಬೇಕು’ ಎಂಬ ಫಲಕವನ್ನು ಬಾಗಿಲಿಗೆ ನೇತುಹಾಕಿಸಬೇಕು. ಮುಂದೆ ಯಾವ ಮನೆಯ ಯಾವ ಗಂಡಸಿಗೂ ನನ್ನ ಗತಿ ಬಾರದಿರಲಿ.

ಇದಾವುದೂ ಆಗದೆಂದಾದರೆ ಕೊನೆಯದೊಂದು ದಾರಿಯಿದೆ. ಒಂದು ಕಾಲಕ್ಕೆ ತಾವೆಲ್ಲ ನನ್ನನ್ನು ಗುರುಗಳೇ ಎಂದಿರಿ. ಆ ಋಣವನ್ನು ನೆನಪಿಸಿ ಕೇಳುತ್ತೇನೆ, ನನ್ನನ್ನು ಶಿಷ್ಯನನ್ನಾಗಿ ಸ್ವೀಕರಿಸಿ. ತಮ್ಮ ಹಿರಿಯ ಗಾಯಕರ ಎದುರು ನೆಲದ ಮೇಲೆ ಕುಳಿತು, ಅವರು ಹೇಳಿಕೊಟ್ಟಂತೆ, ನನ್ನ ಹಾಗೆ ಹಾಡುವುದನ್ನು ಮೊದಲಿನಿಂದ ಕಲಿಯಲು ಸಿದ್ಧನಿದ್ದೇನೆ. ಅವರು ಗದರಿದರೂ ಬೇಸರವಿಲ್ಲ. ಅಂಗಡಿ ಮುಚ್ಚಿದ ಮೇಲೆ ಯಾವ ದಿನವಾದರೂ ಬರುತ್ತೇನೆ. ಕಿವಿಗೆ ಹತ್ತಿ ನಾನೇ ತರುತ್ತೇನೆ. ತಮ್ಮೆಲ್ಲರ ಕಣ್ಣುಗಳು ಚೆನ್ನಾಗಿರಲಿ, ಕೈಗಳು ಸದಾ ಹೀಗೆಯೇ ತಪ್ಪುತ್ತಿರಲಿ ಎಂದು ಹಾರೈಸುತ್ತ ಮುಗಿಸುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮ ದಯೆಯಿಂದ ಇತ್ತೀಚೆಗೆ ಶ್ರುತಿಬದ್ಧನಾದ,
ಕೆಳಗಿನ ಕನ್ನಡಕದವನು

ಮರೆತದ್ದು: ಈ ಶನಿವಾರವೂ ನಾವಿಬ್ಬರೂ ಎಂದಿನಂತೆ ಮೂರನೆಯ ಸಾಲಿನಲ್ಲಿರುತ್ತೇವೆ. ಅಷ್ಟರೊಳಗೆ ತಮ್ಮಿಂದ ಉತ್ತರ ಬಾರದಿದ್ದಲ್ಲಿ, ತಮ್ಮ ಗಾಯಕರು ಬಾಯಿ ತೆರೆದ ಕ್ಷಣವೇ ನಾನೂ ನನ್ನ ಜಾಗದಲ್ಲಿ ಎದ್ದುನಿಂತು, ಅದೇ ಹಾಡನ್ನು, ತಾವು ಕಲಿಸಿದಂತೆ, ಒಂದೂ ಸ್ವರ ತಪ್ಪದೆ, ಕೊನೆಯವರೆಗೆ ಹಾಡುವವನಿದ್ದೇನೆ. ಇಡೀ ಮೇಳ ಒಂದು ಕಡೆಗೆ ಹೋಗುತ್ತಿರುವಾಗ ಒಬ್ಬನೇ ಒಬ್ಬ ಸರಿಯಾಗಿ ಹಾಡುತ್ತ ನಿಂತರೆ ಸಭೆಯಲ್ಲಿ ನಗೆಪಾಟಲಾಗುವವರು ಯಾರು ಎಂಬುದು ಈ ಕಲೆಯಲ್ಲಿ ಪಳಗಿದ ತಮಗೆ ಹೇಳಬೇಕಾಗಿಲ್ಲ. ನನ್ನ ಹೆಂಡತಿ ಗೋಡೆಯ ಮೇಲಿನ ಈ ಪತ್ರವನ್ನು ಓದಿಬಿಡದಿರಲೆಂದು ಅವಳ ಕನ್ನಡಕವನ್ನು ಶನಿವಾರದವರೆಗೆ ರಿಪೇರಿಗೆಂದು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ವೇದಿಕೆ ಅವಳಿಗೆ ಅಂದು ಮಸುಕು ಮಸುಕಾಗಿ ಕಾಣಬಹುದು, ಆದರೆ ಪಕ್ಕದಲ್ಲಿರುವ ನಾನು ಸ್ಪಷ್ಟವಾಗಿ ಕಾಣುತ್ತೇನೆ.